ಟೇಪಿಲ್ಲದ ಸೀಸೆ

ದಂತ ಕಾಲೇಜಿನ ಮೂರನೇ ಮಹಡಿಯಲ್ಲಿ ಒಂದು ಅಡುಗೆಮನೆಯಿದೆ. ಅಲ್ಲಿ ಬೇಯುವುದನ್ನು ಮನುಷ್ಯರು ಯಾರೂ ತಿನ್ನುವುದಿಲ್ಲ. ಉಣ್ಣುವವರು ಪಕ್ಕದ ಪ್ರಯೋಗಾಲಯದ ಬ್ಯಾಕ್ಟೀರಿಯಾಗಳು. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಪುಡಿಯನ್ನು ನೀರಿನಲ್ಲಿ ಕದಡಿ, ಬೇಯಿಸಿ, ಹದವಾಗಿ ಆರಿಸಿ, ಕುರಿಯ ರಕ್ತ ಬೆರೆಸಿ, ಅಂಗೈಯಗಲದ ತಟ್ಟೆಗಳಿಗೆ ಹೊಯ್ದರೆ ಅದು ಕೆಂಪು ಜೆಲ್ಲಿಯಾಗಿ ಗಟ್ಟಿಯಾಗುತ್ತದೆ. ಅದೇ ಅವುಗಳ ಊಟ, ಅದೇ ಅವುಗಳ ಹಾಸಿಗೆ. ಮೂವತ್ತೊಂದು ವರ್ಷಗಳಿಂದ ಈ ಊಟ ಬಡಿಸುತ್ತಿರುವವಳು ಒಬ್ಬಳೇ ಹೆಂಗಸು. ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿದೆ. ಅದನ್ನು ಯಾರಾದರೂ ಕೂಗಿದರೆ, ಬೇರೆ ಯಾರನ್ನೋ ಕರೆದರೆಂದು ಅವಳೇ ಹಿಂದಕ್ಕೆ ತಿರುಗಿ ನೋಡುತ್ತಾಳೆ. ಎಲ್ಲರ ಬಾಯಲ್ಲೂ ಅವಳು ಕುಕ್ಕರಕ್ಕ.

ಈ ಹೆಸರು ಬಂದದ್ದು ಮೂಲೆಯಲ್ಲಿರುವ ಆಟೋಕ್ಲೇವ್‌ನಿಂದ. ಅದು ಸೊಂಟದೆತ್ತರದ ಉಕ್ಕಿನ ಹಂಡೆ, ಅವಳ ಬಾಯಲ್ಲಿ ಕುಕ್ಕರ್. ಮುಚ್ಚಳಕ್ಕೆ ಆರು ತಿರುಪು, ನೆತ್ತಿಯ ಮೇಲೆ ಒತ್ತಡ ತೋರಿಸುವ ಮುಳ್ಳು. ನೂರಿಪ್ಪತ್ತೊಂದು ಡಿಗ್ರಿ ಹಬೆಯಲ್ಲಿ ಹದಿನೈದು ನಿಮಿಷ ಇಟ್ಟರೆ ಒಳಗೆ ಜೀವವಿರುವುದು ಯಾವುದೂ ಉಳಿಯುವುದಿಲ್ಲ. ಸೀಸೆ, ನಳಿಕೆ, ನೀರು, ಹತ್ತಿ, ಏನೇ ಇರಲಿ, ಕುಕ್ಕರ್ ದಾಟದೆ ಪ್ರಯೋಗಾಲಯದ ಹೊಸ್ತಿಲು ತುಳಿಯುವ ಹಾಗಿಲ್ಲ. ಇದು ಕಾಲೇಜಿನ ನಿಯಮವೂ ಹೌದು. ಆದರೆ ಕುಕ್ಕರಕ್ಕನಿಗೆ ಅದು ನಿಯಮಕ್ಕಿಂತ ಹೆಚ್ಚಿನದು.

ಪ್ರತಿ ಸೀಸೆಯ ಕೊರಳಿಗೂ ಅವಳು ಒಂದು ಬಗೆಯ ಟೇಪು ಅಂಟಿಸುತ್ತಾಳೆ. ಅದರ ಮೇಲಿನ ಮಾಸಲು ಗೆರೆಗಳು ಹಬೆ ತಾಗಿದಾಗ ಕಪ್ಪಾಗುತ್ತವೆ. ಗೆರೆ ಕಪ್ಪಾಗಿದ್ದರೆ ಸೀಸೆ ಹಬೆ ಕಂಡಿದೆ ಎಂದರ್ಥ. ಬೇರೆಯವರಾದರೆ ಟೇಪನ್ನು ಸೀಸೆಯ ಮೇಲೆಯೇ ಬಿಡುತ್ತಾರೆ. ಕುಕ್ಕರಕ್ಕ ಮಾತ್ರ ಕಿತ್ತು ಉದ್ದನೆಯ ನೋಟುಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ತಾರೀಖು ಮತ್ತು ಸೀಸೆಯಲ್ಲಿ ಇದ್ದದ್ದೇನು ಎಂದು ಬರೆಯುತ್ತಾಳೆ. ಇದನ್ನು ಮಾಡೆಂದು ಅವಳಿಗೆ ಯಾರೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರೋ ಒಬ್ಬರು, “ನೀನು ಬೇಯಿಸಿಯೇ ಇಲ್ಲ” ಎಂದು ಎಲ್ಲರೆದುರು ಅಂದಿದ್ದರು. ಬೇಯಿಸಿದ್ದೆ ಎಂದು ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ. ಅಂದಿನಿಂದ ಶುರುವಾದ ಪುಸ್ತಕಗಳು ಈಗ ಕಪಾಟಿನ ಎರಡು ಅಂಕಣ ತುಂಬಿ ಮೂರನೆಯದಕ್ಕೆ ಏರಿವೆ.

ಆ ವರ್ಷ ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ಸಂಶೋಧಕಿ ತೆಳ್ಳಗಿನ, ಚುರುಕು ನಡಿಗೆಯ ಹುಡುಗಿ. ಅವಳ ವಿಷಯ, ವಸಡಿನ ರೋಗ ತರುವ ಬ್ಯಾಕ್ಟೀರಿಯಾದ ಮೇಲೆ ಹಸಿರು ಚಹಾದ ಸತ್ವ ಏನು ಮಾಡುತ್ತದೆ ಎಂಬುದು. ಕುಕ್ಕರಕ್ಕ ಎರಡನೇ ದಿನವೇ ಅವಳಿಗೆ ಟೀ ಡಾಕ್ಟ್ರು ಎಂದು ಹೆಸರಿಟ್ಟಳು.

“ಅಕ್ಕಾ, ಹಲ್ಲುಜ್ಜುವಾಗ ನಿಮಗೆ ವಸಡಲ್ಲಿ ರಕ್ತ ಬರುತ್ತಾ?” ಎಂದು ಹುಡುಗಿ ಒಂದು ದಿನ ಕೇಳಿದಳು.

“ಬರದೆ ಏನು? ಕೆಳಗಿನ ಮುಂದಲ್ಲು ಒಂದು ತೊಟ್ಟಿಲು ತೂಗಿದ ಹಾಗೆ ತೂಗುತ್ತೆ.”

“ಹಾಗಾದ್ರೆ ನಿಮ್ಮ ಹತ್ತಿರಾನೂ ಒಂದು ಸ್ಯಾಂಪಲ್ ತಗೊಳ್ಳಲಾ?”

“ತಗೋಳಮ್ಮಾ. ಕೊಡೋಕೆ ನನ್ನತ್ರ ಇನ್ನೇನಿದೆ?”

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಹಲ್ಲಿಗೂ ವಸಡಿಗೂ ನಡುವಿನ ಸಂದಿಗೆ ಹುಡುಗಿ ತೇವ ಹೀರುವ, ಸೂಜಿಯಂತೆ ಚೂಪಾದ ಒಂದು ಕಾಗದದ ಕಡ್ಡಿ ಇಳಿಸಿದಳು. ಅದನ್ನು ಕೆಂಪು ತಟ್ಟೆಗೆ ಒರಸಿ, ಗಾಳಿ ತೆಗೆದ ಜಾಡಿಯಲ್ಲಿ ಒಂದು ವಾರ ಇಟ್ಟಳು. ಗಾಳಿ ಸೋಕಿದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅದಕ್ಕೇ ವಸಡಿನ ಸಂದಿಯ ಆಳವನ್ನು ಹುಡುಕಿಕೊಂಡು ಹೋಗಿ ಕೂರುತ್ತದೆ. ವಾರದ ನಂತರ ಜಾಡಿ ತೆರೆದರೆ ಮೂಗು ಮುಚ್ಚಿಕೊಳ್ಳುವ ವಾಸನೆ. ಹನ್ನೊಂದನೇ ನಂಬರಿನ ತಟ್ಟೆಯ ಮೇಲೆ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು ಹೊಳೆಯುತ್ತಿದ್ದವು.

“ಇದು ನನ್ನದಾ?”

“ನಿಮ್ಮದೇ ಅಕ್ಕಾ. ಇದರ ಹೆಸರು ಪಾರ್ಫಿರೋಮೋನಾಸ್ ಜಿಂಜಿವ್ಯಾಲಿಸ್.”

“ಅಷ್ಟುದ್ದ ಹೆಸರು ಹೇಳೋಷ್ಟರಲ್ಲಿ ಇರೋ ಹಲ್ಲೂ ಉದುರುತ್ತೆ.” ಕುಕ್ಕರಕ್ಕ ತಟ್ಟೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. “ಇಷ್ಟು ವರ್ಷ ಯಾರ್ಯಾರ ಹುಳಕ್ಕೋ ಊಟ ಹಾಕಿದೆ. ಇವತ್ತು ನಮ್ಮನೆಯವನೇ ಬಂದ. ಕಪ್ಪಣ್ಣ ಅನ್ನೋಣ ಬಿಡು.”

ಕಪ್ಪಣ್ಣ ಅದೇ ಹೆಸರಿನಲ್ಲಿ ಪ್ರಯೋಗಾಲಯದ ತುಂಬ ಪ್ರಸಿದ್ಧನಾದ. ಉಳಿದವುಗಳಿಗಿಂತ ಚೆನ್ನಾಗಿ ಬೆಳೆಯುತ್ತಿದ್ದುದರಿಂದ ಹುಡುಗಿ ತನ್ನ ಮುಖ್ಯ ಪ್ರಯೋಗಕ್ಕೆ ಅವನನ್ನೇ ಆರಿಸಿಕೊಂಡಳು.

ಪ್ರಯೋಗ ನೋಡಲು ಸರಳ. ತಟ್ಟೆಯ ತುಂಬ ಕಪ್ಪಣ್ಣನನ್ನು ಹರಡುವುದು. ಜೆಲ್ಲಿಯಲ್ಲಿ ಆರು ಮಿಲಿಮೀಟರಿನ ಎರಡು ಗುಂಡಿ ಕೊರೆಯುವುದು. ಒಂದಕ್ಕೆ ಚಹಾದ ಸತ್ವ, ಇನ್ನೊಂದಕ್ಕೆ ಹೋಲಿಕೆಗೆಂದು ದಂತವೈದ್ಯರು ಬಾಯಿ ಮುಕ್ಕಳಿಸಲು ಕೊಡುವ ಔಷಧಿ. ಗುಂಡಿಯಿಂದ ಜಿನುಗಿದ ದ್ರಾವಣ ಎಲ್ಲಿಯವರೆಗೆ ಬ್ಯಾಕ್ಟೀರಿಯಾವನ್ನು ತಡೆಯುತ್ತದೋ ಅಲ್ಲಿಯವರೆಗೆ ಚುಕ್ಕೆಗಳಿಲ್ಲದ ಬೋಳು ಉಂಗುರ ಮೂಡುತ್ತದೆ. ಉಂಗುರ ದೊಡ್ಡದಾದಷ್ಟೂ ಪ್ರಭಾವ ಹೆಚ್ಚು.

“ಟೀಗೆ ಅವನನ್ನೇ ಹಿಡೀಬೇಕು ಅಂತ ಹೇಗೆ ಗೊತ್ತಾಗುತ್ತೆ?” ಕುಕ್ಕರಕ್ಕನಿಗೆ ಇಂಥ ಪ್ರಶ್ನೆಗಳು ತಟ್ಟೆ ತೊಳೆಯುವಾಗಲೇ ಹುಟ್ಟುವುದು.

“ಅದಕ್ಕೇನೂ ಗೊತ್ತಾಗಲ್ಲ ಅಕ್ಕಾ. ಹಾಲು, ಸಕ್ಕರೆ ಇಲ್ದೆ ಹಸಿರು ಟೀ ಕುಡಿದಾಗ ಬಾಯಿ ಒಗರು ಅನಿಸುತ್ತಲ್ಲ?”

“ಬಲಿಯದ ಕಾಯಿ ಕಚ್ಚಿದ ಹಾಗೆ.”

“ಹೂಂ, ಅದೇ. ಟೀಯಲ್ಲಿರೋ ಕ್ಯಾಟಚಿನ್ ಅನ್ನೋ ಪದಾರ್ಥ ನಿಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತೆ. ಅದಕ್ಕೇ ನಾಲಿಗೆ ಎಳೆದ ಹಾಗಾಗೋದು. ಬ್ಯಾಕ್ಟೀರಿಯಾದ ಮೈಗೂ ಹಾಗೇ ಅಂಟುತ್ತೆ, ಅದರ ಪೊರೆ ಕೆಡಿಸುತ್ತೆ. ನಿಮ್ಮ ಕಪ್ಪಣ್ಣ ವಸಡನ್ನ ಕತ್ತರಿಸಿ ತಿನ್ನೋಕೆ ಕಿಣ್ವ ಬಿಡ್ತಾನೆ, ಕತ್ತರಿ ಥರ. ಆ ಕತ್ತರೀನೂ ಟೀ ಮೊಂಡು ಮಾಡುತ್ತೆ ಅಂತ ಬೇರೆಯವರು ನೋಡಿದಾರೆ.”

“ಅಂದ್ರೆ ಒಗರೇ ಔಷಧಿ ಅನ್ನು.”

“ಪೂರ್ತಿ ಹಾಗಲ್ಲ. ಹತ್ತಿರ ಬಂದ್ರಿ.”

ಆ ಮಾತು ಕುಕ್ಕರಕ್ಕನಿಗೆ ಹಿಡಿಸಿತು. ಹುಡುಗಿ ಕೊಟ್ಟ ಒಂದು ಪೊಟ್ಟಣ ಹಸಿರು ಚಹಾ ಮನೆಗೆ ಹೋಯಿತು.

ಮೊದಲ ಎರಡು ಸುತ್ತಿನಲ್ಲಿ ಚಹಾದ ಉಂಗುರ ಹದಿನಾಲ್ಕು, ಹದಿನೈದು ಮಿಲಿಮೀಟರು ಬಂತು. ಹುಡುಗಿ ಹಾಡು ಗುನುಗುತ್ತ ಓಡಾಡಿದಳು. ಮೂರನೇ ಸುತ್ತಿನಲ್ಲೂ ಹದಿನಾಲ್ಕೇ ಬಂದಿತ್ತು. ಆದರೆ ಆ ಸುತ್ತಿನ ನಾಲ್ಕು ತಟ್ಟೆಗಳಲ್ಲಿ ಕಪ್ಪು ಚುಕ್ಕೆಗಳ ನಡುವೆ ಹಾಲಿನ ಬಣ್ಣದ ಚುಕ್ಕೆಗಳು ಎದ್ದಿದ್ದವು. ಯಾವುದೋ ಹೊರಗಿನ ಬ್ಯಾಕ್ಟೀರಿಯಾ ನುಗ್ಗಿತ್ತು. ತಟ್ಟೆಗಳನ್ನು ಎಸೆಯಬೇಕಾಯಿತು. ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ನಿಂತು ಕಣ್ಣೊರಸಿಕೊಂಡಳು. “ಎಲ್ಲಿಂದ ಬಂತೋ ಏನೋ, ಅಕ್ಕಾ.”

ಎಲ್ಲಿಂದ ಬಂತು? ಕುಕ್ಕರಕ್ಕ ಮನಸ್ಸಿನಲ್ಲೇ ಒಂದೊಂದನ್ನೂ ಹಿಡಿದು ನೋಡಿದಳು. ತಟ್ಟೆ ತನ್ನದು. ನಳಿಕೆ ತನ್ನದು. ನೀರು, ಹತ್ತಿ, ಗುಂಡಿ ಕೊರೆಯುವ ಕೊಳವೆ, ಎಲ್ಲಕ್ಕೂ ಟೇಪು ಬಿದ್ದಿದೆ. ಟೇಪು ಕಾಣದೆ ಒಳಗೆ ಹೋಗುತ್ತಿದ್ದದ್ದು ಒಂದೇ: ಚಹಾದ ಸೀಸೆ.

ಹುಡುಗಿ ಪ್ರತಿ ಶುಕ್ರವಾರ ಸಂಜೆ ಚಹಾದ ಸತ್ವದ ಪುಡಿಯನ್ನು ಉಪ್ಪಿನ ದ್ರಾವಣದಲ್ಲಿ ಕರಗಿಸಿ, ಸಿರಿಂಜಿನಿಂದ ಒಂದು ಪುಟ್ಟ ಬಿಲ್ಲೆಯ ಮೂಲಕ ಒತ್ತಿ, ನಾಲ್ಕು ಕಂದು ಗಾಜಿನ ಸೀಸೆಗಳಿಗೆ ತುಂಬಿಸುತ್ತಿದ್ದಳು. ಅವನ್ನು ಕುಕ್ಕರಕ್ಕನ ಕೋಣೆಯ ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದಳು. ಬಿಲ್ಲೆಯೇ ಬ್ಯಾಕ್ಟೀರಿಯಾವನ್ನು ಸೋಸುತ್ತದಂತೆ! ಕಣ್ಣಿಗೆ ಕಾಣದ ಹುಳವನ್ನು, ಕಣ್ಣಿಗೆ ಕಾಣದ ತೂತಿನ ಕಾಗದ ಹಿಡಿಯುವುದೆಂದರೇನು! ಪಾಪದ ಹುಡುಗಿ ಪುಸ್ತಕ ಓದಿ ನಂಬಿದ್ದಾಳೆ. ಕುಕ್ಕರಕ್ಕ ಮೂವತ್ತೊಂದು ವರ್ಷ ಹಬೆಯನ್ನು ಕಣ್ಣಾರೆ ಕಂಡವಳು.

ಮುಂದಿನ ಶನಿವಾರ ಬೆಳಿಗ್ಗೆ ಆ ನಾಲ್ಕು ಸೀಸೆಗಳಿಗೂ ಟೇಪು ಅಂಟಿಸಿ, ಮಾಮೂಲಿ ಸೀಸೆಗಳ ಜೊತೆ ಕುಕ್ಕರಿಗೆ ಇಳಿಸಿದಳು. ಹದಿನೈದು ನಿಮಿಷ. ಆರಿದ ಮೇಲೆ ಟೇಪು ಕಿತ್ತು ಪುಸ್ತಕಕ್ಕೆ ಅಂಟಿಸಿ ‘ಟೀ, 4’ ಎಂದು ಬರೆದು, ಸೀಸೆಗಳನ್ನು ಇದ್ದ ಜಾಗದಲ್ಲೇ ಇಟ್ಟಳು. ಮುಂದಿನ ವಾರಗಳಲ್ಲೂ ಹಾಗೆಯೇ ಮಾಡಿದಳು. ಮಗುವಿಗೆ ಸ್ನಾನ ಮಾಡಿಸಿದ್ದನ್ನು ಯಾರಾದರೂ ಹೋಗಿ ವರದಿ ಒಪ್ಪಿಸುತ್ತಾರೆಯೇ? ಅವಳಿಗೆ ಅದು ಹೇಳಬೇಕಾದ ವಿಷಯವೆಂದೇ ಅನಿಸಲಿಲ್ಲ.

ಬಿಳಿ ಚುಕ್ಕೆಗಳು ಮತ್ತೆ ಬರಲಿಲ್ಲ. ನನ್ನ ಕುಕ್ಕರಿನಿಂದಲೇ ಎಂದುಕೊಂಡು ಅವಳು ಒಳಗೊಳಗೇ ಬೀಗಿದಳು. ಆದರೆ ನಾಲ್ಕನೇ ಸುತ್ತಿನಲ್ಲಿ ಚಹಾದ ಉಂಗುರ ಎಂಟಕ್ಕೆ ಇಳಿಯಿತು. ಐದರಲ್ಲಿ ಏಳು. ಗುಂಡಿಯೇ ಆರು ಮಿಲಿಮೀಟರು. ಏಳು ಎಂದರೆ ಇಲ್ಲವೆಂದೇ ಲೆಕ್ಕ.

ಎರಡು ದಿನ ಬಿಟ್ಟು ಪ್ರೊಫೆಸರ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ, ಅವರು ವಿದ್ಯಾರ್ಥಿಯಾಗಿದ್ದಾಗ, ಅವರ ಮೊದಲ ತಟ್ಟೆಯ ಗುಳ್ಳೆಗಳನ್ನು ಒಡೆದು ಸರಿಮಾಡಿಕೊಟ್ಟವಳು ಇದೇ ಕುಕ್ಕರಕ್ಕ. ಅದಕ್ಕೋ ಏನೋ, ಕೈಯಲ್ಲಿದ್ದ ಕಾಗದವನ್ನೇ ನೋಡುತ್ತ ಮಾತಾಡಿದರು.

“ತಪ್ಪು ತಿಳ್ಕೋಬೇಡಿ. ಉಂಗುರ ಯಾಕೆ ಚಿಕ್ಕದಾಗ್ತಿದೆ ಅಂತ ಯೋಚನೆ ಮಾಡ್ತಾ ಇದ್ದೆ. ಜೆಲ್ಲಿ ದಪ್ಪ ಹೊಯ್ದರೆ ಹೀಗಾಗುತ್ತೆ. ದ್ರಾವಣ ಅಗಲಕ್ಕೆ ಹರಡೋ ಬದಲು ಆಳಕ್ಕೆ ಇಳಿದುಬಿಡುತ್ತೆ.”

“ನಾನು ದಪ್ಪ ಹೊಯ್ತೀನಾ ಸರ್?”

“ಬೇಕೂ ಅಂತ ಅಲ್ಲ. ಕಣ್ಣು... ಎಲ್ಲರಿಗೂ ವಯಸ್ಸಾಗುತ್ತಲ್ಲ. ಮುಂದಿನ ತಿಂಗಳಿಂದ ರೆಡಿ ತಟ್ಟೆ ತರಿಸೋಣ ಅಂತಿದೀನಿ. ಈ ಕೋಣೆ ಮುಚ್ಚಿದ್ರೆ ನಿಮಗೂ ಆರಾಮ. ಕೆಳಗೆ ಸ್ಟೋರಲ್ಲಿ ಫ್ಯಾನ್ ಕೆಳಗೆ ಕೂತು ಮಾಡೋ ಕೆಲಸ.”

“ಏನು ಕೆಲಸ ಸರ್?”

“ಗ್ಲೌಸ್ ಕೊಡೋದು, ಸಹಿ ತಗೊಳ್ಳೋದು.”

ಅವಳಿಗೆ ಇನ್ನೂ ಎರಡು ವರ್ಷ ಸರ್ವೀಸ್ ಇತ್ತು. ಎರಡು ವರ್ಷ ಗ್ಲೌಸ್ ಕೊಟ್ಟು ಸಹಿ ತೆಗೆದುಕೊಳ್ಳುವುದು! ಅದಕ್ಕಿಂತಲೂ ಮನಸ್ಸಿಗೆ ಚುಚ್ಚಿದ್ದು, ತನ್ನ ಕೈ ದಪ್ಪ ಹೊಯ್ದಿತೆಂಬ ಮಾತು. ಪ್ರೊಫೆಸರ್ ಮೆಟ್ಟಿಲಿಳಿದ ಸದ್ದು ಮುಗಿಯುವ ಮೊದಲೇ ಅವಳು ಎಸೆಯಲು ಇಟ್ಟಿದ್ದ ಐದನೇ ಸುತ್ತಿನ ತಟ್ಟೆಗಳನ್ನು ಹೊರತೆಗೆದು, ಕೈಗೆ ಗ್ಲೌಸ್ ಏರಿಸಿ, ಒಂದೊಂದು ಜೆಲ್ಲಿಯನ್ನೂ ನಡುವೆ ಕೊಯ್ದು ಸ್ಕೇಲು ಹಿಡಿದಳು. ನಾಲ್ಕು. ನಾಲ್ಕು. ನಾಲ್ಕು. ಹನ್ನೆರಡು ತಟ್ಟೆಯಲ್ಲೂ ಇರಬೇಕಾದ ನಾಲ್ಕೇ ಮಿಲಿಮೀಟರು.

ಹಾಗೆ ಅಳೆಯುವಾಗ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಚಹಾದ ಉಂಗುರ ಮಾತ್ರ ಕುಗ್ಗಿತ್ತು. ಅದೇ ತಟ್ಟೆಯಲ್ಲಿ, ಅದೇ ಜೆಲ್ಲಿಯಲ್ಲಿ, ಔಷಧಿಯ ಉಂಗುರ ತುಂಬಿದ ಕೆನ್ನೆಯ ಹಾಗೆ ದುಂಡಗೆ ಕೂತಿತ್ತು.

“ಟೀ ಡಾಕ್ಟ್ರೇ, ಸ್ವಲ್ಪ ಬಾಮ್ಮಾ ಇಲ್ಲಿ. ಔಷಧಿ ಉಂಗುರದ ಅಳತೆ ಬರೆದಿದ್ದೀಯಾ?”

ಹುಡುಗಿ ತನ್ನ ಪುಸ್ತಕ ತೆರೆದಳು. ಆ ಸಾಲಿನಲ್ಲಿ ಬರೀ ಟಿಕ್ ಗುರುತುಗಳಿದ್ದವು. “ಬಂದಿದೆಯಾ ಇಲ್ವಾ ಅಂತ ಅಷ್ಟೇ ನೋಡಿದೆ ಅಕ್ಕಾ. ಅಳೆದಿಲ್ಲ.”

“ಫೋಟೋ?”

ಫೋಟೋ ಇದ್ದವು. ಪ್ರತಿ ಸುತ್ತಿನಲ್ಲೂ ತಟ್ಟೆಯ ಪಕ್ಕ ಸ್ಕೇಲಿಟ್ಟು ಮೊಬೈಲಿನಲ್ಲಿ ತೆಗೆದಿದ್ದಳು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಕೂತರು. ಮೊದಲ ಸುತ್ತಿನಲ್ಲಿ ಔಷಧಿಯ ಉಂಗುರ ಹದಿನೇಳು. ಎರಡರಲ್ಲಿ ಹದಿನೇಳು. ಮೂರರಲ್ಲಿ ಹದಿನೆಂಟು. ನಾಲ್ಕರಲ್ಲಿ, ಐದರಲ್ಲಿ ಹದಿನೇಳು.

“ಜೆಲ್ಲಿ ದಪ್ಪ ಆಗಿದ್ರೆ ಎರಡೂ ಕುಗ್ಗಬೇಕಿತ್ತು ಅಲ್ವಾ?” ಎಂದಳು ಕುಕ್ಕರಕ್ಕ.

ಹುಡುಗಿ ಫೋಟೋಗಳನ್ನು ಇನ್ನೊಮ್ಮೆ ಮೊದಲಿಂದ ಸರಿಸಿ ನೋಡಿದಳು. ನಂತರ ಕುಕ್ಕರಕ್ಕನ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು. “ಅಕ್ಕಾ, ನಿಮ್ಮ ತಟ್ಟೇಲಿ ಏನೂ ತಪ್ಪಿಲ್ಲ! ಟೀನೇ ಕೆಟ್ಟಿದೆ! ಪುಡಿ ಹಾಳಾಗಿರಬೇಕು. ಹೊಸದು ತರಿಸೋಕೆ ಮೂರು ತಿಂಗಳು ಹಿಡಿಯುತ್ತೆ. ನನ್ನ ಕಥೆ ಅಷ್ಟೇ, ಆದ್ರೆ ನಿಮ್ಮದಂತೂ ಬಚಾವ್.”

ಕುಕ್ಕರಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮೂರನೇ ಸುತ್ತಿನವರೆಗೆ ಸರಿಯಿದ್ದ ಚಹಾ, ನಾಲ್ಕರಿಂದ ಕೆಟ್ಟಿದೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಬಂದದ್ದು ಒಂದು ಶನಿವಾರ. ಆ ಶನಿವಾರ ಏನಾಯಿತೆಂಬುದು ಅವಳೊಬ್ಬಳಿಗೇ ಗೊತ್ತು.

ಆದರೂ ಚಹಾ ಮಾಡುವುದೇ ಬಿಸಿ ನೀರಿನಲ್ಲಿ ತಾನೇ? ಬಿಸಿಗೆ ಅದು ಕೆಡುವುದು ಹೇಗೆ? ಯಾರನ್ನಾದರೂ ಕೇಳುವ ಮೊದಲು ಕಣ್ಣಿಂದ ನೋಡಬೇಕೆನಿಸಿತು. ಇಷ್ಟು ವರ್ಷ ಬೇರೆಯವರ ಪ್ರಯೋಗಕ್ಕೆ ಪಾತ್ರೆ ತೊಳೆದವಳು ಭಾನುವಾರ ಬೆಳಿಗ್ಗೆ ಮೊದಲ ಬಾರಿಗೆ ತನ್ನದೇ ಪ್ರಯೋಗಕ್ಕೆ ಕೈಹಾಕಿದಳು.

ಅವಳ ಗಂಡ ಗಡಿಯಾರ ರಿಪೇರಿಯವನು. ಭಾನುವಾರ ಅಂಗಡಿ ಮುಚ್ಚಿದರೂ ಮನೆಯ ಕಿಟಕಿಯ ಬಳಿ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾರದಾದರೂ ಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂರುತ್ತಾನೆ. ಎಂಬತ್ತನಾಲ್ಕು ವರ್ಷದ ಅತ್ತೆ ಗೋಡೆಗೊರಗಿ ಬಟಾಣಿ ಸುಲಿಯುತ್ತಿದ್ದರು. ಅವರ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಕಟ್ಟಿಸಿದ ಸೆಟ್ಟು ಡಬ್ಬಿಯಲ್ಲಿರುತ್ತದೆ. ಫೋಟೋ ತೆಗೆಸುವಾಗ ಮಾತ್ರ ಹೊರಗೆ ಬರುತ್ತದೆ.

ಕುಕ್ಕರಕ್ಕ ಚಹಾ ಸೊಪ್ಪಿಗೆ ಬಿಸಿನೀರು ಹಾಕಿ, ಗಡಿಯಾರ ನೋಡಿ ಮೂರು ನಿಮಿಷಕ್ಕೆ ಸೋಸಿದಳು. ಸೋಸಿದ್ದನ್ನು ಎರಡು ಸ್ಟೀಲ್ ಲೋಟಗಳಿಗೆ ಸಮನಾಗಿ ಹಂಚಿದಳು. ಒಂದನ್ನು ಮುಚ್ಚಿ ಕಟ್ಟೆಯ ಮೇಲಿಟ್ಟಳು. ಇನ್ನೊಂದನ್ನು ಮುಚ್ಚಿ, ಮನೆಯ ಕುಕ್ಕರಿನೊಳಗೆ ನೀರಿನಲ್ಲಿ ನಿಲ್ಲಿಸಿ, ಸೀಟಿ ಬಂದ ಮೇಲೆ ಉರಿ ತಗ್ಗಿಸಿ ಹದಿನೈದು ನಿಮಿಷ ಬಿಟ್ಟಳು. ಎರಡನ್ನೂ ತಣ್ಣೀರಿನಲ್ಲಿಟ್ಟು ಒಂದೇ ಹದಕ್ಕೆ ಆರಿಸಿ ಮುಚ್ಚಳ ತೆಗೆದಳು. ಹೊರಗಿದ್ದ ಲೋಟದಲ್ಲಿ ಎಳೆ ಹುಲ್ಲಿನ ಹಳದಿ. ಕುಕ್ಕರಿನಿಂದ ಬಂದದ್ದರಲ್ಲಿ ತುಕ್ಕು ನೆನೆದ ನೀರಿನ ಕಂದು.

ಅಲ್ಲಿ ಸೀಸೆಗಳೂ ಕಂದು. ಒಳಗಿನ ಬಣ್ಣ ಬದಲಾದದ್ದು ತನಗೂ ಕಾಣಲಿಲ್ಲ, ಹುಡುಗಿಗೂ ಕಾಣಲಿಲ್ಲ. ಹನಿ ಹನಿಯಾಗಿ ಬಿದ್ದದ್ದು ರಕ್ತದ ಬಣ್ಣದ ಜೆಲ್ಲಿಯ ಗುಂಡಿಗೆ.

ಬಣ್ಣ ಒಂದೇ ಸಾಲದು ಎನಿಸಿತು. ಒಂದು ಲೋಟದ ತಳಕ್ಕೆ ಟೇಪಿನ ಚೂರು ಅಂಟಿಸಿ ಇಬ್ಬರ ಮುಂದೆ ತಂದಿಟ್ಟಳು. “ಕಣ್ಣು ಮುಚ್ಕೊಂಡು ಒಂದೊಂದು ಗುಟುಕು ಕುಡಿದು ಹೇಳಿ. ಯಾವುದರಲ್ಲಿ ಒಗರು ಜಾಸ್ತಿ?”

“ಮೂವತ್ತು ವರ್ಷ ಹುಳಕ್ಕೆ ಬಡಿಸಿ ಸಾಕಾಯ್ತು ಅಂತ ಕಾಣುತ್ತೆ. ಈಗ ನಮ್ಮ ಮೇಲೆ ಶುರು ಮಾಡಿದ್ಲು ನೋಡೋ ಮಗಾ,” ಎಂದರು ಅತ್ತೆ. ಆದರೂ ಕಣ್ಣು ಮುಚ್ಚಿ ಕುಡಿದರು. “ಇದು ಬಾಯಿ ಹಿಡಿಯುತ್ತೆ. ಇದು... ನಿನ್ನೆದು ಬಿಸಿ ಮಾಡಿ ಕೊಟ್ಟ ಹಾಗಿದೆ.”

“ಹಲ್ಲಿಲ್ಲದೋರ ಮಾತು ಲೆಕ್ಕಕ್ಕೆ ತಗೋತೀಯಾ?” ಎಂದ ಗಂಡ.

“ಒಗರು ನೋಡೋಕೆ ಹಲ್ಲು ಯಾಕೋ? ನಾಲಿಗೆ ಗಟ್ಟಿ ಇದೆ ನನಗೆ.”

“ಅದು ಊರಿಗೇ ಗೊತ್ತು.”

ಲೋಟಗಳ ಜಾಗ ಬದಲಿಸಿ ಮೂರು ಸಲ ಕೊಟ್ಟಳು. ಒಗರು ಜಾಸ್ತಿ ಎಂದು ಅತ್ತೆ ಮೂರು ಸಲವೂ ಕಟ್ಟೆಯ ಮೇಲಿದ್ದ ಲೋಟವನ್ನೇ ಹಿಡಿದರು. ಗಂಡ ಎರಡು ಸಲ. ಕುಕ್ಕರಿನ ಲೋಟದಲ್ಲಿ ಒಗರು ಪೂರ್ತಿ ಹೋಗಿರಲಿಲ್ಲ, ಮೊಂಡಾಗಿತ್ತು. ಕುಕ್ಕರಕ್ಕ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು.

“ಏನಾಯ್ತೇ?” ಗಂಡ ಕಣ್ಣಿಂದ ಮಸೂರ ತೆಗೆದ.

ಎಲ್ಲವನ್ನೂ ಹೇಳಿದಳು. ಅವನು ತಿರುಪುಳಿಯನ್ನು ಬೆರಳ ನಡುವೆ ಉರುಳಿಸುತ್ತ ಕೇಳಿದ.

“ಈಗ ಹೇಗೂ ತಟ್ಟೆ ಸರಿ ಇದೆ ಅಂತ ಗೊತ್ತಾಯ್ತಲ್ಲ. ತಪ್ಪು ಪುಡಿ ಮೇಲೆ ಹೋಯ್ತು. ಪುಡಿಗೇನು ಮನೆ ಮಠ ಇದೆಯಾ? ಸುಮ್ನಿದ್ರೆ ನಿನ್ನ ಕೋಣೆ ಉಳಿಯುತ್ತೆ.”

“ಹೇಳಿದ್ರೆ ಹೋಗುತ್ತೆ. ಹೇಳದೆ ಕೇಳದೆ ಸೀಸೆ ಮುಟ್ಟಿದವಳನ್ನ ಅಲ್ಲಿ ಯಾರು ಇಟ್ಕೋತಾರೆ?”

“ಅದಕ್ಕೇ ಅಂದೆ.”

“ಪುಸ್ತಕದಲ್ಲಿ ಟೇಪಿದೆ ರೀ.”

“ಆ ಪುಸ್ತಕ ಯಾರು ನೋಡ್ತಾರೆ?”

“ನಾನು ನೋಡ್ತೀನಲ್ಲ.”

ಗಂಡ ಮಸೂರವನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡ. ಅತ್ತೆ ಮಾತ್ರ ಬಟಾಣಿ ಸಿಪ್ಪೆ ಒಟ್ಟು ಮಾಡುತ್ತ, “ಆ ಹುಡುಗಿ ಮೂರು ತಿಂಗಳು ಸುಮ್ನೆ ಕಾಯಬೇಕಾ? ಚೆನ್ನಾಗಿದೆ,” ಎಂದು ಗೋಡೆಗೆ ಹೇಳುವಂತೆ ಹೇಳಿದರು.

ಸೋಮವಾರ ಪ್ರೊಫೆಸರರ ಕೋಣೆಯಲ್ಲಿ ಮೊದಲು ಹುಡುಗಿ ಫೋಟೋಗಳನ್ನು ತೋರಿಸಿದಳು. ಪ್ರೊಫೆಸರ್ ಕನ್ನಡಕ ಹಣೆಗೇರಿಸಿ ಒಂದೊಂದನ್ನೂ ಹಿಗ್ಗಿಸಿ ನೋಡಿದರು. “ಹೌದಲ್ಲ! ಕಂಟ್ರೋಲ್ ಉಂಗುರ, ಔಷಧೀದು, ಹಾಗೇ ಇದೆ. ನಾನು ಟೇಬಲ್ ಮಾತ್ರ ನೋಡಿದೆ.” ಕುಕ್ಕರಕ್ಕನ ಕಡೆ ತಿರುಗಿ, “ನಿಮ್ಮ ಮೇಲೆ ಹೇಳಬಾರದಿತ್ತು. ಕ್ಷಮಿಸಬೇಕು,” ಎಂದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಕೋಣೆ ಕೈಗೆ ಬಂದಿತ್ತು. ಕುಕ್ಕರಕ್ಕ ಬಗಲಲ್ಲಿದ್ದ ಉದ್ದನೆಯ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿದಳು. “ಇದೂ ಒಂದು ನೋಡಿ ಸರ್.”

ಕಪ್ಪು ಗೆರೆಯ ನಾಲ್ಕು ಟೇಪು. ಪಕ್ಕದಲ್ಲಿ ‘ಟೀ, 4’. ಮುಂದಿನ ವಾರದ ಪುಟದಲ್ಲಿ ಮತ್ತೆ ನಾಲ್ಕು.

ಮೊದಲು ಅರ್ಥವಾದದ್ದು ಹುಡುಗಿಗೆ. “ಅಕ್ಕಾ! ಕುಕ್ಕರ್‌ಗೆ ಹಾಕಿದ್ರಾ?”

“ಹಾಕಿದೆ. ಆ ಬಿಳಿ ಚುಕ್ಕೆ ಬಂದಾಗಿನಿಂದ. ನಿನ್ನ ಬಿಲ್ಲೆ ಮೇಲೆ ನನಗೆ ನಂಬಿಕೆ ಬರಲಿಲ್ಲ.”

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಮೂರು ವಾರ ಅಕ್ಕಾ! ಮೂರು ವಾರ ನಾನು ನಿದ್ದೆ ಬಿಟ್ಟು ಯಾವುದು ತಪ್ಪು, ಯಾವುದು ತಪ್ಪು ಅಂತ...”

“ಕೇಳಬೇಕಿತ್ತು.”

ಹುಡುಗಿ ಎದ್ದು ಹೊರಗೆ ಹೋದಳು. ಬಾಗಿಲು ಜೋರಾಗಿಯೇ ಬಡಿಯಿತು. ಪ್ರೊಫೆಸರ್ ಪುಸ್ತಕದ ಪುಟ ಹಿಂದಕ್ಕೆ ತಿರುವಿದರು, ಇನ್ನೂ ಹಿಂದಕ್ಕೆ ತಿರುವಿದರು. ಇಂಥ ಪುಸ್ತಕವೊಂದಿದೆ ಎಂಬುದೇ ಅವರಿಗೆ ಗೊತ್ತಿದ್ದಂತಿರಲಿಲ್ಲ.

“ಎಷ್ಟು ನಿಮಿಷ ಇಟ್ರಿ?”

“ಹದಿನೈದು ಸರ್. ಒಂದೊಂದು ಸೀಸೆಗೆ ಒಂದೇ ಸಲ.”

“ಅದೇ ಒತ್ತಡ?”

“ಮುಳ್ಳು ಹದಿನೈದು ಪೌಂಡಿನಿಂದ ಅಲ್ಲಾಡಲಿಲ್ಲ.”

“ಹಾಗಾದ್ರೆ ಇದು ತಪ್ಪೂ ಹೌದು, ಮಾಹಿತಿನೂ ಹೌದು.” ಅವರು ಪೆನ್ನು ತೆಗೆದುಕೊಂಡರು. “ಯಾರಾದ್ರೂ ನಾಳೆ ಟೀಯಿಂದ ಮೌತ್‌ವಾಶ್ ಮಾಡಿ ಸೀಸೆ ಸಮೇತ ಬೇಯಿಸಿದ್ರೆ ಇದೇ ಗತಿ. ಉಪ್ಪಿನ ದ್ರಾವಣದಲ್ಲಿ ಹುಳಿ ಇಲ್ಲ, ಆ ಸ್ಥಿತೀಲಿ ಕ್ಯಾಟಚಿನ್ ಇಷ್ಟು ಬಿಸಿ ತಡೆಯಲ್ಲ. ಆದ್ರೆ ಇದು ನಮ್ಮ ಊಹೆ ಅಷ್ಟೇ. ಸೋಸಿದ್ದು, ಬೇಯಿಸಿದ್ದು, ಔಷಧಿ, ಮೂರನ್ನೂ ಒಂದೇ ತಟ್ಟೇಲಿ ಹಾಕಿ ನೋಡಬೇಕು. ತಟ್ಟೆ ನೀವೇ ಹೊಯ್ಯಿರಿ. ಉಂಗುರ ನಿಮ್ಮ ಮುಂದೆ ಅಳೆಯೋಣ. ಅಲ್ಲಿವರೆಗೆ ರೆಡಿ ತಟ್ಟೆ ಆರ್ಡರ್ ನಿಲ್ಲಿಸಿರ್ತೀನಿ. ಆಮೇಲೆ ನೋಡೋಣ.”

ಆಮೇಲೆ ನೋಡೋಣ ಎಂಬ ಎರಡು ಪದದ ಮೇಲೆ ಕುಕ್ಕರಕ್ಕ ಹನ್ನೊಂದು ದಿನ ನಿಂತಿದ್ದಳು. ಆ ಹನ್ನೊಂದು ದಿನವೂ ಹುಡುಗಿ ಅವಳನ್ನು ಮೇಡಂ ಎಂದೇ ಕರೆದಳು. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಹೊಸ ಸುತ್ತಿನ ದಿನ ಹುಡುಗಿ ಒಂದು ಬಿಲ್ಲೆ ತಂದು ಅವಳ ಅಂಗೈಯಲ್ಲಿಟ್ಟಳು. “ಇದರ ತೂತು ಕೂದಲಿನ ದಪ್ಪದಲ್ಲಿ ಮುನ್ನೂರರಲ್ಲಿ ಒಂದು ಪಾಲು. ನಿಮ್ಮ ಕಪ್ಪಣ್ಣ ಅದಕ್ಕಿಂತ ದಪ್ಪ. ನಂಬಬೇಡಿ, ನೋಡಿ.” ಕಪ್ಪಣ್ಣ ತೇಲುತ್ತಿದ್ದ ಮಬ್ಬು ದ್ರಾವಣವನ್ನು ಸಿರಿಂಜಿಗೆ ಎಳೆದು ಅವಳ ಕೈಗೆ ಕೊಟ್ಟಳು. ಕುಕ್ಕರಕ್ಕ ಒತ್ತಿದಳು. ಬಿಲ್ಲೆಯ ಆಚೆ ಬಂದದ್ದು ತಿಳಿನೀರಿನಂತಿತ್ತು. ಸೋಸುವ ಮೊದಲಿನದನ್ನು ಒಂದು ತಟ್ಟೆಗೆ, ಸೋಸಿದ್ದನ್ನು ಇನ್ನೊಂದು ತಟ್ಟೆಗೆ ಹಾಕಿ ಅವನ್ನೂ ಜಾಡಿಗೆ ಸೇರಿಸಿದರು.

ಏಳು ದಿನಗಳ ಮೇಲೆ ಮೂವರೂ ಜಾಡಿಯ ಮುಂದೆ ನಿಂತರು. ಮೊದಲು ಹೊರಬಂದವು ಬಿಲ್ಲೆಯ ಎರಡು ತಟ್ಟೆಗಳು. ಒಂದರ ತುಂಬ ಕಪ್ಪಣ್ಣನ ಸಂಸಾರ. ಇನ್ನೊಂದು ನಿನ್ನೆ ಹೊಯ್ದಂತೆ ಖಾಲಿ ಕೆಂಪು. ಕುಕ್ಕರಕ್ಕ ಅದನ್ನು ಮೂರು ಕಡೆಯಿಂದ ತಿರುಗಿಸಿ ನೋಡಿ, “ಅಬ್ಬಾ, ಕಾಗದಕ್ಕೆ ಇಷ್ಟು ಬುದ್ಧಿ ಇದೆಯಾ,” ಎಂದಳು.

ಉಂಗುರಗಳನ್ನು ಪ್ರೊಫೆಸರ್ ಅಳೆದರು. ಬೇಯಿಸಿದ ಚಹಾ ಎಂಟು, ಏಳು, ಎಂಟು. ಔಷಧಿ ಹದಿನೇಳು. ಸೋಸಿದ ಚಹಾ ಹದಿನೈದು, ಹದಿನೈದು... “ಮೂರನೇದು ಹದಿನಾಲ್ಕು.”

“ಹದಿನಾಲ್ಕೂವರೆ ಸರ್,” ಎಂದಳು ಪಕ್ಕದಲ್ಲಿ ನಿಂತಿದ್ದ ಕುಕ್ಕರಕ್ಕ.

ಪ್ರೊಫೆಸರ್ ಕನ್ನಡಕ ಒರಸಿಕೊಂಡು ಮತ್ತೆ ಬಗ್ಗಿದರು. ಹುಡುಗಿ ಕೂದಲೆಳೆಯಷ್ಟನ್ನೂ ಅಳೆಯುವ ಕ್ಯಾಲಿಪರ್ ತಂದು ಬೆಳಕಿಗೆ ಹಿಡಿದು ನೋಡಿದಳು. ಹದಿನಾಲ್ಕೂವರೆ.

“ಸರ್, ಕಣ್ಣು ಯಾರದು ಪರೀಕ್ಷೆ ಮಾಡಿಸಬೇಕು?” ಎಂದ ಹುಡುಗಿ ತಾನೇ ನಾಲಿಗೆ ಕಚ್ಚಿಕೊಂಡಳು. ಪ್ರೊಫೆಸರ್ ಮೊದಲು ನಕ್ಕರು. “ರೆಡಿ ತಟ್ಟೆ ಬೇಡ ಬಿಡಿ,” ಎಂದರು. ಒಂದೆರಡು ಹೆಜ್ಜೆ ಹೋಗಿ ತಿರುಗಿ, “ಆದ್ರೆ ಅವರ ಸೀಸೆ ಅವರದು. ಕೇಳದೆ ಮುಟ್ಟೋ ಹಾಗಿಲ್ಲ,” ಎಂದರು.

“ಇಲ್ಲ ಸರ್.”

ಆ ಬಿಳಿ ಚುಕ್ಕೆಗಳು ಎಲ್ಲಿಂದ ಬಂದವೆಂದು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ. ಬೇಯಿಸಿದ ಚಹಾದ ಅಳತೆಗಳು ಹುಡುಗಿಯ ಪ್ರಬಂಧದಲ್ಲಿ ಒಂದು ಪುಟವಾದವು.

“ಇಷ್ಟೆಲ್ಲ ಆದ್ಮೇಲೆ, ದಿನಾ ಟೀ ಮುಕ್ಕಳಿಸಿದ್ರೆ ನನ್ನ ಹಲ್ಲು ನಿಲ್ಲುತ್ತಾ?” ಎಂದು ಕುಕ್ಕರಕ್ಕ ಕೇಳಿದಳು.

“ತಟ್ಟೇಲಿ ಸತ್ತ ಅಂದ ಮಾತ್ರಕ್ಕೆ ಬಾಯಲ್ಲೂ ಸಾಯ್ತಾನೆ ಅನ್ನೋಕಾಗಲ್ಲ. ಬಾಯಲ್ಲಿ ಟೀ ನಿಲ್ಲೋದು ಅರ್ಧ ನಿಮಿಷ. ಅವನು ಕೂತಿರೋದು ಸಂದೀಲಿ, ನೂರು ಜನ ನೆಂಟರ ಜೊತೆ ಅಂಟು ಹೊದ್ದುಕೊಂಡು. ಮೊದಲು ಕೆಳಗೆ ಹೋಗಿ ವಸಡು ಕ್ಲೀನ್ ಮಾಡಿಸ್ಕೊಳ್ಳಿ. ಇವತ್ತೇ. ನಾನು ಚೀಟಿ ಬರೆಸಿದೀನಿ, ಕುಕ್ಕರಕ್ಕ.”

ಹನ್ನೆರಡನೇ ದಿನಕ್ಕೆ ಹೆಸರು ವಾಪಸು ಬಂದಿತ್ತು. ಕುಕ್ಕರಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟಳು.

ಆ ಶುಕ್ರವಾರ ಸಂಜೆ ಹುಡುಗಿ ಎಂದಿನಂತೆ ನಾಲ್ಕು ಕಂದು ಸೀಸೆಗಳನ್ನು ಫ್ರಿಜ್ಜಿನಲ್ಲಿಟ್ಟು, ಕುಕ್ಕರಕ್ಕ ಕೇಳಿದ್ದಕ್ಕೆ “ಸೋಸಿದ್ದೇ ಅಕ್ಕಾ” ಎಂದು ಹೇಳಿ ಹೋದಳು. ಕುಕ್ಕರಕ್ಕ ಟೇಪಿನ ಸುರುಳಿಯಿಂದ ನಾಲ್ಕು ತುಂಡು ಕತ್ತರಿಸಿದಳು. ಅವನ್ನು ಸೀಸೆಗೆ ಅಂಟಿಸಲಿಲ್ಲ, ಕುಕ್ಕರಿನ ಹತ್ತಿರವೂ ಒಯ್ಯಲಿಲ್ಲ. ನೇರವಾಗಿ ಪುಸ್ತಕಕ್ಕೆ ಅಂಟಿಸಿದಳು. ಮೂವತ್ತೊಂದು ವರ್ಷಗಳ ಕಪ್ಪು ಗೆರೆಗಳ ಕೆಳಗೆ ಅವು ಮಾಸಲಾಗಿ, ಹಬೆ ಕಾಣದೆ ಕೂತವು. ಪಕ್ಕದಲ್ಲಿ ತಾರೀಖು ಹಾಕಿ ಬರೆದಳು: ‘ಟೀ, 4. ಸೋಸಿದ್ದು. ಕೇಳಿದೆ.’